ಓಡುವವರ ತಟ್ಟೆ, ಶುಗರ್ ಇರುವವರ ತಟ್ಟೆ: ಯಾವ ಹೊತ್ತಿಗೆ ಯಾವುದನ್ನು ಆರಿಸಬೇಕು

ಶುಗರ್ ಬಂದವರಿಗೆ "ಅನ್ನ ಬಿಡಿ, ಮುದ್ದೆ ತಿನ್ನಿ" ಎನ್ನುತ್ತಾರೆ. ಓಟ, ಕುಸ್ತಿ, ಕಬಡ್ಡಿ ಎಂದು ಮೈ ದಂಡಿಸುವವರಿಗೆ "ಮೊಟ್ಟೆ ತಿನ್ನಿ, ಪ್ರೋಟೀನ್ ಪುಡಿ ಕುಡಿಯಿರಿ" ಎನ್ನುತ್ತಾರೆ. ಎರಡೂ ಪೂರ್ತಿ ತಪ್ಪಲ್ಲ. ಆದರೆ ಮುದ್ದೆ ಎಷ್ಟು ದೊಡ್ಡದು, ಓಟ ಎಷ್ಟು ನಿಮಿಷದ್ದು, ಬೆಳಗ್ಗೆ ನುಂಗಿದ್ದು ಯಾವ ಮಾತ್ರೆ ಎಂದು ಕೇಳದೆ ಕೊಟ್ಟ ಸಲಹೆ ಕೆಲಸಕ್ಕೆ ಬರುವುದಿಲ್ಲ. ಈ ಇಬ್ಬರ ಪಥ್ಯವೂ ನಿಂತಿರುವುದು ಒಂದೇ ಲೆಕ್ಕದ ಮೇಲೆ: ಎಷ್ಟು ಗ್ರಾಂ ಕಾರ್ಬೋಹೈಡ್ರೇಟ್, ಯಾವ ಹೊತ್ತಿನಲ್ಲಿ. ಲೆಕ್ಕ ಒಂದೇ ಆದರೂ ಉತ್ತರ ಹಲವು ಸಲ ತಿರುವುಮುರುವಾಗುತ್ತದೆ. ಬೆಲ್ಲ ಹಾಕಿದ ರಾಗಿ ಗಂಜಿ 15 ಕಿ.ಮೀ. ಓಡುವವರಿಗೆ ಓಟಕ್ಕೆ ಒಂದು ಗಂಟೆ ಮೊದಲು ಒಳ್ಳೆಯ ಆಹಾರ. ಇಡೀ ದಿನ ಕೂತು ಕೆಲಸ ಮಾಡುವ, ಶುಗರ್ ಇರುವವರಿಗೆ ಅದೇ ಗಂಜಿ ಬೆಳಗಿನ ತಿಂಡಿಗಳಲ್ಲೇ ಕೆಟ್ಟ ಆಯ್ಕೆ.

ನೀವು ಯಾವ ಸಾಲಿನವರು

ಆರಿಸುವ ಮೊದಲು ಇದು ತಿಳಿಯಬೇಕು. ಬರೀ ಪಥ್ಯದಲ್ಲಿರುವವರು ಅಥವಾ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರು ಒಂದು ಸಾಲು. ಊಟ ಅರ್ಧ ಗಂಟೆ ತಡವಾದರೂ ಇವರಿಗೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ತರಹದ ಮಾತ್ರೆ ಅಥವಾ ಇನ್ಸುಲಿನ್ ಮೇಲಿರುವವರದು ಬೇರೆಯೇ ಸಾಲು. ಹೊಟ್ಟೆಯಲ್ಲಿ ಊಟ ಇರಲಿ ಬಿಡಲಿ, ಈ ಔಷಧಗಳು ಸಕ್ಕರೆ ಇಳಿಸುತ್ತಲೇ ಇರುತ್ತವೆ. ಹಾಗಾಗಿ ಇವರಿಗೆ ಊಟದ ಪ್ರಮಾಣದಷ್ಟೇ ಊಟದ ಸಮಯವೂ ಮುಖ್ಯ. ಮೂರನೆಯವರು ಶುಗರ್ ಇಲ್ಲದ ಕ್ರೀಡಾಪಟುಗಳು. ಶುಗರ್ ಇದ್ದೂ ಓಡುವವರು ನಾಲ್ಕನೆಯವರು. ಅವರ ಸಂಖ್ಯೆ ಈಗ ಏರುತ್ತಿದೆ, ಹೆಚ್ಚು ಗೊಂದಲ ಇರುವುದೂ ಅವರಿಗೇ.

ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಮಾತ್ರೆ ಪಟ್ಟಿಯ (ಸ್ಟ್ರಿಪ್) ಹಿಂಬದಿ ಓದಿ. ನಮ್ಮಲ್ಲಿ ಎರಡು–ಮೂರು ಔಷಧ ಸೇರಿಸಿ ಒಂದೇ ಮಾತ್ರೆ ಮಾಡಿ ಮಾರುತ್ತಾರೆ. "ನಾನು ಮೆಟ್‌ಫಾರ್ಮಿನ್ ಮಾತ್ರ" ಎನ್ನುವವರ ಪಟ್ಟಿಯಲ್ಲಿ ಗ್ಲಿಮಿಪಿರೈಡ್ ಕೂಡ ಸೇರಿರುವುದು ಹೊಸತೇನಲ್ಲ.

ಮುದ್ದೆ, ಅನ್ನ, ರೊಟ್ಟಿ, ಚಪಾತಿ

ಧಾನ್ಯಕ್ಕಿಂತ ಅಳತೆ ದೊಡ್ಡದು. ಮನೆಯಲ್ಲಿ ಒಮ್ಮೆ ಅಡುಗೆ ತಕ್ಕಡಿ ಇಟ್ಟುಕೊಂಡು ಹೀಗೆ ಮಾಡಿ: 120 ಗ್ರಾಂ ರಾಗಿ ಹಿಟ್ಟು, ಸುಮಾರು 450 ಮಿ.ಲೀ. ನೀರು. ಎಂದಿನಂತೆ ಬೇಯಿಸಿ, ತೊಳಸಿ, ಎರಡು ಮುದ್ದೆ ಕಟ್ಟಿ. ಆವಿ ಹೋಗಿ ಒಂದೊಂದೂ 240 ಗ್ರಾಂ ಆಸುಪಾಸು ತೂಗುತ್ತದೆ. ಅಂದರೆ ಒಂದು ಮುದ್ದೆಯಲ್ಲಿ 60 ಗ್ರಾಂ ಹಿಟ್ಟು, ಅದರಲ್ಲಿ ಸುಮಾರು 40 ಗ್ರಾಂ ಕಾರ್ಬ್. ಈಗ ನೀವು ದಿನವೂ ಉಣ್ಣುವ ಮುದ್ದೆಯನ್ನು ತೂಗಿ ನೋಡಿ. 360 ಗ್ರಾಂ ಬಂದರೆ ಕಾರ್ಬ್ 60 ಗ್ರಾಂ. ಅದರ ಮೇಲೆ "ಒಂದ್ ತುತ್ತು" ಅನ್ನ ಸೇರಿದರೆ 80 ದಾಟುತ್ತದೆ. ಅನ್ನ ಬಿಟ್ಟು ಮುದ್ದೆಗೆ ಬಂದರೂ ಶುಗರ್ ಇಳಿಯಲಿಲ್ಲ ಎನ್ನುವವರ ಮನೆಯಲ್ಲಿ ನಡೆಯುವುದು ಇದೇ.

| ಆಹಾರ | ಅಳತೆ | ಕಾರ್ಬ್ | ನಾರು |
|---|---|---|---|
| ರಾಗಿ ಮುದ್ದೆ | 60 ಗ್ರಾಂ ಹಿಟ್ಟು | 40 ಗ್ರಾಂ | 6–7 ಗ್ರಾಂ |
| ಬಿಳಿ ಅನ್ನ | 60 ಗ್ರಾಂ ಅಕ್ಕಿ (ಅನ್ನವಾದಾಗ ಸುಮಾರು 170 ಗ್ರಾಂ) | 47 ಗ್ರಾಂ | 2 ಗ್ರಾಂಗೂ ಕಡಿಮೆ |
| ಜೋಳದ ರೊಟ್ಟಿ | 45 ಗ್ರಾಂ ಹಿಟ್ಟು, ಒಂದು | 30 ಗ್ರಾಂ | 4–5 ಗ್ರಾಂ |
| ಚಪಾತಿ | 30 ಗ್ರಾಂ ಹಿಟ್ಟು, ಒಂದು | 19–20 ಗ್ರಾಂ | 3 ಗ್ರಾಂ |
| ಮನೆಯ ಇಡ್ಲಿ | ಸಣ್ಣದು, ಒಂದು | 10 ಗ್ರಾಂ | ಅತ್ಯಲ್ಪ |
| ಅವಲಕ್ಕಿ | 50 ಗ್ರಾಂ ಒಣ | 38 ಗ್ರಾಂ | ಕಡಿಮೆ |

ಶುಗರ್ ಇರುವವರಿಗೆ ಈ ಪಟ್ಟಿಯಲ್ಲಿ ಜೋಳದ ರೊಟ್ಟಿಗೆ ನಮ್ಮ ಮತ. ಕಾರಣ ಬರೀ ನಾರಲ್ಲ. ರೊಟ್ಟಿಯನ್ನು ಎಣಿಸಬಹುದು, ಅಗಿಯಲೇಬೇಕು, ಪಲ್ಯವೋ ಕಾಳೋ ಇಲ್ಲದೆ ಗಂಟಲಲ್ಲಿ ಇಳಿಯುವುದಿಲ್ಲ. ಅನ್ನ ಹಾಗಲ್ಲ. ಸಾರಿಗೊಂದು ಸಲ, ಮಜ್ಜಿಗೆಗೊಂದು ಸಲ ಬಡಿಸಿಕೊಂಡು ಲೆಕ್ಕ ತಪ್ಪುತ್ತದೆ. ಮುದ್ದೆ ಎರಡನೇ ಸ್ಥಾನದಲ್ಲಿ ಬರುತ್ತದೆ, ಅದೂ ತೂಗಿದ ಮುದ್ದೆ. ರಾಗಿಗೆ ಕ್ಯಾಲ್ಸಿಯಂ ಹೆಚ್ಚು (100 ಗ್ರಾಂ ಹಿಟ್ಟಿನಲ್ಲಿ 350 ಮಿ.ಗ್ರಾಂ ಆಸುಪಾಸು) ಎಂಬುದು ನಿಜ. ಆದರೆ ರಾಗಿ ಸಕ್ಕರೆ ಏರಿಸುವುದೇ ಇಲ್ಲ ಎಂಬುದು ನಿಜವಲ್ಲ. ನುಣ್ಣಗೆ ಬೀಸಿ ಚೆನ್ನಾಗಿ ಬೇಯಿಸಿದ ಯಾವ ಹಿಟ್ಟೂ ಬೇಗ ಜೀರ್ಣವಾಗುತ್ತದೆ. ಅದನ್ನೇ ಗಂಜಿ ಮಾಡಿ ಕುಡಿದರೆ ಇನ್ನೂ ಬೇಗ. ಸಿರಿಧಾನ್ಯಗಳ ಕಥೆಯೂ ಇದೇ: ನವಣೆ, ಸಾಮೆಯನ್ನು ಇಡಿಯಾಗಿ ಅನ್ನದಂತೆ ಬೇಯಿಸಿದರೆ ಒಂದು ಲೆಕ್ಕ, ಹಿಟ್ಟು ಮಾಡಿ ದೋಸೆ ಹುಯ್ದರೆ ಇನ್ನೊಂದು ಲೆಕ್ಕ.

ಅನ್ನ ಬಿಡಲಾಗದವರು, ಅದರಲ್ಲೂ ಕರಾವಳಿ, ಮಲೆನಾಡಿನವರು, ಬಿಡಬೇಕೆಂದೇನೂ ಇಲ್ಲ. ಸೋನಾ ಮಸೂರಿಯ ಗ್ಲೈಸಿಮಿಕ್ ಸೂಚ್ಯಂಕ (ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಂಕ) 70ರ ಆಸುಪಾಸು, ಅಂದರೆ ಹೆಚ್ಚು. ಉದ್ದ ಕಾಳಿನ ಬಾಸ್ಮತಿ, ಕುಚ್ಚಲಕ್ಕಿ ಸಾಮಾನ್ಯವಾಗಿ ಅದಕ್ಕಿಂತ ಕೆಳಗೆ. ಆದರೂ 60 ಗ್ರಾಂ ಸೋನಾ ಮಸೂರಿ 120 ಗ್ರಾಂ ಕುಚ್ಚಲಕ್ಕಿಗಿಂತ ವಾಸಿ. ತಂಗಳನ್ನದಲ್ಲಿ ಪಿಷ್ಟದ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ ಎಂಬುದೂ ಸರಿ. ಆದರೆ ಆ ಲಾಭ ಚಿಕ್ಕದು, ಅದನ್ನು ನಂಬಿ ಇನ್ನೊಂದು ಸೌಟು ಹಾಕಿಕೊಂಡರೆ ಹೊರಟುಹೋಗುತ್ತದೆ.

ಓಟಗಾರರಿಗೆ ಪಟ್ಟಿಯನ್ನು ತಲೆಕೆಳಗಾಗಿ ಓದಬೇಕು. ಸಾಮಾನ್ಯ ದಿನಗಳಲ್ಲಿ ಮುದ್ದೆ, ರೊಟ್ಟಿ ಎಲ್ಲವೂ ಸರಿ. ಆದರೆ ಹಾಫ್ ಮ್ಯಾರಥಾನ್‌ನ ಹಿಂದಿನ ದಿನ ನಾರು ಹೊಟ್ಟೆಯಲ್ಲಿ ಭಾರ, ಮರುದಿನ 12ನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕುವ ಪಾಡು. ಅಂದು ಬಿಳಿ ಅನ್ನ, ಇಡ್ಲಿ, ಬಾಳೆಹಣ್ಣು, ಮೊಸರನ್ನ. ಶುಗರ್ ಇರುವವರು ಯಾವುದನ್ನು ಕೈಬಿಡುತ್ತಾರೋ ಅದೇ ಅಂದು ಓಟಗಾರರಿಗೆ ಬೇಕಾದ್ದು.

ಶುಗರ್ ಇರುವವರು ತಮ್ಮ ತಟ್ಟೆಯನ್ನು ಪರೀಕ್ಷಿಸುವ ಕ್ರಮ

ಎಷ್ಟು ಕಾರ್ಬ್ ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಇಲ್ಲ. ಹೊತ್ತಿಗೆ 45ರಿಂದ 60 ಗ್ರಾಂನಲ್ಲಿ ಶುರು ಮಾಡಿ, ಮುಂದಿನದನ್ನು ಗ್ಲೂಕೋಮೀಟರ್ ಹೇಳಲಿ. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಗಳಿಗೆಯಿಂದ ಎರಡು ಗಂಟೆಗೆ ಇನ್ನೊಮ್ಮೆ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡಿರಬೇಕು. ಹಣ್ಣು ಹೆಚ್ಚಿದ ಬೆರಳಿನಲ್ಲಿ ಪರೀಕ್ಷಿಸಿದರೆ ಯಂತ್ರ ಹಣ್ಣಿನ ಸಕ್ಕರೆಯನ್ನೂ ಸೇರಿಸಿ ತೋರಿಸುತ್ತದೆ. ಎರಡು ಅಳತೆಗಳ ನಡುವೆ 40–50 ಅಂಕಕ್ಕಿಂತ ಹೆಚ್ಚು ಏರಿದ್ದರೆ ಆ ಊಟದಲ್ಲಿ ಏನೋ ಬದಲಾಗಬೇಕು. ಗರ್ಭಿಣಿಯರನ್ನು ಬಿಟ್ಟು ಹೆಚ್ಚಿನ ವಯಸ್ಕರಿಗೆ ಗುರಿ: ಊಟಕ್ಕೆ ಮುಂಚೆ 80–130, ನಂತರ 180ರ ಒಳಗೆ, ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 7ರ ಕೆಳಗೆ. ವಯಸ್ಸಾದವರಿಗೆ, ಪದೇಪದೇ ಶುಗರ್ ಲೋ ಆಗುವವರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ.

ಬದಲಾಯಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಅನ್ನ ಕಡಿಮೆ ಮಾಡಿ, ನಡಿಗೆ ಶುರು ಮಾಡಿ, ಮೆಂತ್ಯದ ನೀರು ಕುಡಿದರೆ ಯಾವುದು ಕೆಲಸ ಮಾಡಿತು ಎಂಬುದು ಗೊತ್ತಾಗುವುದಿಲ್ಲ. ಮರುವಾರ ಮೆಂತ್ಯದ ನೀರೊಂದೇ ಉಳಿದು, ಅನ್ನ ಹಳೆಯ ಜಾಗಕ್ಕೆ ಬಂದು ಕೂತಿರುತ್ತದೆ.

ಖರ್ಚಿಲ್ಲದ ಬದಲಾವಣೆ ಎಂದರೆ ಉಣ್ಣುವ ಅನುಕ್ರಮ. ಮೊದಲು ಪಲ್ಯ, ಕೋಸಂಬರಿ, ಕಾಳು ಅಥವಾ ಮೊಟ್ಟೆ ಮುಗಿಸಿ, ಹತ್ತು ನಿಮಿಷದ ನಂತರ ಅನ್ನ ಅಥವಾ ಮುದ್ದೆಗೆ ಬನ್ನಿ. ತಟ್ಟೆಯಲ್ಲಿರುವುದು ಅಷ್ಟೇ ಇದ್ದರೂ ಏರಿಕೆ ಕಡಿಮೆಯಾಗುತ್ತದೆ. ಊಟವಾದ ಮೇಲೆ 10–15 ನಿಮಿಷ ನಡೆದರೆ ಇನ್ನಷ್ಟು. ಮದುವೆ ಊಟದ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬರುವುದು ಇದಕ್ಕೆ ಅನುಕೂಲವೇ. ಅನ್ನ ಬರುವವರೆಗೆ ಅವನ್ನು ಮುಟ್ಟದೆ ಕಾಯುವುದು ನಮ್ಮ ರೂಢಿ.

ತಿಂಡಿಯಲ್ಲಿ ಹೆಚ್ಚು ಎಡವುತ್ತಾರೆ, ಏಕೆಂದರೆ ಹಲವರಿಗೆ ಬೆಳಗ್ಗೆಯೇ ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚು. ಹೆಸರುಬೇಳೆ ದೋಸೆ ಎರಡು, ಇಲ್ಲವೇ ಒಂದು ಜೋಳದ ರೊಟ್ಟಿ ಜೊತೆ ಎರಡು ಮೊಟ್ಟೆ, ಇವು ಮೊದಲ ಆಯ್ಕೆ. ಬೇಳೆ, ತರಕಾರಿ ದಟ್ಟವಾಗಿರುವ ಸಾಂಬಾರಿನ ಜೊತೆ ಎರಡು–ಮೂರು ಸಣ್ಣ ಇಡ್ಲಿ ನಡೆಯುತ್ತದೆ. ತಟ್ಟೆ ಇಡ್ಲಿ ಒಂದು ಎಂದರೆ ಮನೆಯ ಎರಡು–ಮೂರು ಇಡ್ಲಿ ಎಂದು ಹಿಡಿಯಿರಿ. ಚಿತ್ರಾನ್ನ, ಅವಲಕ್ಕಿ, ಉಪ್ಪಿಟ್ಟು ಅರ್ಧ ತಟ್ಟೆ, ಉಳಿದರ್ಧಕ್ಕೆ ಕಾಳಿನ ಉಸಲಿ. ಮಸಾಲೆ ದೋಸೆ ಪಿಷ್ಟದೊಳಗೆ ಪಿಷ್ಟ ಸುತ್ತಿಟ್ಟದ್ದು. ತಿಂಗಳಿಗೊಮ್ಮೆ ತಿನ್ನಿ, ತಿಂದ ದಿನ ನಡೆದು ಮನೆಗೆ ಹೋಗಿ.

ಓಡುವವರ ಲೆಕ್ಕ

ಶುಗರ್ ಇಲ್ಲದ ಕ್ರೀಡಾಪಟುವಿನ ತಪ್ಪು ಸಾಮಾನ್ಯವಾಗಿ ಉಲ್ಟಾ: ತಿನ್ನುವುದು ಕಡಿಮೆ. ದಿನಕ್ಕೆ ಒಂದು ಗಂಟೆ ಮಧ್ಯಮ ತರಬೇತಿ ಮಾಡುವವರಿಗೆ ದೇಹತೂಕದ ಪ್ರತಿ ಕಿಲೋಗೆ 5–7 ಗ್ರಾಂ ಕಾರ್ಬ್ ಬೇಕು. ಒಂದರಿಂದ ಮೂರು ಗಂಟೆ ಮಾಡುವವರಿಗೆ 6–10 ಗ್ರಾಂ. 60 ಕಿಲೋ ತೂಗುವವರಿಗೆ ಕೆಳಗಿನ ಲೆಕ್ಕವೇ ದಿನಕ್ಕೆ 300 ಗ್ರಾಂ. ಪ್ರೋಟೀನ್ ಕಿಲೋಗೆ 1.2ರಿಂದ 2 ಗ್ರಾಂ, ಹೊತ್ತಿಗೆ ಸುಮಾರು 20 ಗ್ರಾಂನಂತೆ ಹಂಚಿಕೊಂಡು. ರಾತ್ರಿ ಒಂದೇ ಸಲ ಅರ್ಧ ಕಿಲೋ ಕೋಳಿ ತಿಂದು ಸರಿದೂಗಿಸಲು ಬರುವುದಿಲ್ಲ.

ಸಸ್ಯಾಹಾರಿಗಳಿಗೆ ಆ 20 ಗ್ರಾಂ ಎಲ್ಲಿಂದ? 30 ಗ್ರಾಂ ತೊಗರಿಬೇಳೆಯಲ್ಲಿ 7 ಗ್ರಾಂ ಕೂಡ ಕಷ್ಟ, ಆ ಬೇಳೆ ತಿಳಿಸಾರಾದರೆ ನಿಮ್ಮ ಬಟ್ಟಲಿಗೆ ಬರುವುದು ಅದರ ಅರ್ಧ. 30 ಗ್ರಾಂ ಸೋಯಾ ಚಂಕ್ಸ್ ಒಂದರಲ್ಲೇ 15 ಗ್ರಾಂ ಇದೆ. ಬೆಲೆಗೆ ಹೋಲಿಸಿದರೆ ಅದನ್ನು ಮೀರಿಸಿದ್ದು ಇನ್ನೊಂದಿಲ್ಲ. ಮೊಟ್ಟೆ ತಿನ್ನುವವರಾದರೆ ಒಂದಕ್ಕೆ 6 ಗ್ರಾಂ, ಪನೀರ್ 100 ಗ್ರಾಂಗೆ 18, ಕಡಲೆಕಾಯಿ ಬೀಜ 30 ಗ್ರಾಂಗೆ 7. ಪ್ರೋಟೀನ್ ಪುಡಿ ಇವುಗಳಿಂದ ಆಗದಿದ್ದಾಗ ಮಾತ್ರ.

ಓಟದ ಸುತ್ತಲಿನ ಹೊತ್ತುಗಳನ್ನು ಬಿಡಿಬಿಡಿಯಾಗಿ ನೋಡಬೇಕು. ಸ್ನಾಯುಗಳಲ್ಲಿ ಗ್ಲೈಕೊಜನ್ ರೂಪದಲ್ಲಿ ಇರುವ ದಾಸ್ತಾನು ವೇಗದ ಓಟದಲ್ಲಿ ಸುಮಾರು 90 ನಿಮಿಷಕ್ಕೆ ಸಾಕಾಗುತ್ತದೆ. ಹೀಗಾಗಿ 2008ರಲ್ಲಿ ಶುರುವಾದ ಬೆಂಗಳೂರಿನ ವರ್ಲ್ಡ್ 10ಕೆಯಂಥ ಓಟಕ್ಕೆ ಹಿಂದಿನ ರಾತ್ರಿ ಎರಡು ಪಟ್ಟು ಅನ್ನ ತಿನ್ನುವುದು ಅನಗತ್ಯ. ಬಿಬ್ (ಎದೆಗೆ ಅಂಟಿಸುವ ಓಟದ ಸಂಖ್ಯೆ) ಸಿಕ್ಕಿದ ಸಂಭ್ರಮಕ್ಕೆ ತಿನ್ನುವುದಾದರೆ ಅದು ಬೇರೆ ಮಾತು. 90 ನಿಮಿಷ ಮೀರುವ ಸ್ಪರ್ಧೆಗೆ ಮಾತ್ರ 36–48 ಗಂಟೆ ಮೊದಲಿನಿಂದ ದಿನಕ್ಕೆ ಕಿಲೋಗೆ 10–12 ಗ್ರಾಂನಂತೆ ತುಂಬಿಸಿಕೊಳ್ಳುವುದು. ಆಗ ತೂಕ ಒಂದೆರಡು ಕಿಲೋ ಏರಿದರೆ ಹೆದರಬೇಡಿ: ಒಂದು ಗ್ರಾಂ ಗ್ಲೈಕೊಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ.

ಇದೇ ನೀರಿನ ಲೆಕ್ಕ ಕುಸ್ತಿ, ಬಾಕ್ಸಿಂಗ್, ಜೂಡೊದವರನ್ನು ಆಡಿಸುತ್ತದೆ. ಕಾರ್ಬ್, ಉಪ್ಪು, ನೀರು ಬಿಟ್ಟು ತೂಕ ಇಳಿಸಿ, ತೂಗಿದ ಮೇಲೆ ತಿಂದು ಆಡುವುದು ಅವರ ರೂಢಿ. ಆಡಲು ತಿಂದದ್ದು ಮರುದಿನ ಮತ್ತೆ ತಕ್ಕಡಿಯ ಮೇಲೆ ನಿಲ್ಲುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ವಿನೇಶ್ ಫೋಗಟ್ ಮೊದಲ ದಿನ ತೂಕ ಸರಿಯಾಗಿದ್ದು ಗೆದ್ದರೂ, ಫೈನಲ್‌ನ ಬೆಳಗ್ಗೆ 50 ಕಿಲೋಗಿಂತ 100 ಗ್ರಾಂ ಹೆಚ್ಚಾಗಿ ಅನರ್ಹರಾದರು. ಗರಡಿಯ ಹುಡುಗರು ಮನೆಯಲ್ಲಿ ಸ್ವೆಟರ್ ಹಾಕಿ ಬೆವರು ಹರಿಸಿ ಇದನ್ನು ಅನುಕರಿಸುವುದು ಅಪಾಯ. ಶುಗರ್ ಇರುವ ಪೈಲ್ವಾನರಿಗಂತೂ ಇದು ಆಗಲೇಬಾರದು. ಶುಗರ್ ಇರುವವರು ಕಾರ್ಬ್ ಬಿಟ್ಟ ಮೊದಲ ವಾರ ಎರಡು ಕಿಲೋ ಇಳಿದಾಗ ಸಂಭ್ರಮಿಸುವುದೂ ಬಹುಪಾಲು ಇದೇ ನೀರನ್ನು ನೋಡಿ.

ಓಟದ ಬೆಳಗ್ಗೆ: ಮೂರು ಗಂಟೆ ಮೊದಲು ಎದ್ದು ತಿನ್ನುವವರಿಗೆ 4–5 ಇಡ್ಲಿ ಅಥವಾ ಮೂರ್ನಾಲ್ಕು ಸ್ಲೈಸ್ ಬ್ರೆಡ್ ಮತ್ತು ಜಾಮ್. ಒಂದು ಗಂಟೆ ಮಾತ್ರ ಇದ್ದರೆ ಕಿಲೋಗೆ 1 ಗ್ರಾಂ ಸಾಕು. 60 ಕಿಲೋದವರಿಗೆ ಎರಡು ಪಚ್ಚಬಾಳೆ (ಒಂದರಲ್ಲಿ ಸುಮಾರು 25 ಗ್ರಾಂ), ಅಥವಾ 40 ಗ್ರಾಂ ರಾಗಿ ಹುರಿಹಿಟ್ಟಿನ ತೆಳು ಗಂಜಿಗೆ 30 ಗ್ರಾಂ ಬೆಲ್ಲ. ಏಲಕ್ಕಿ ಬಾಳೆ ಒಂದರಲ್ಲಿ 10–12 ಗ್ರಾಂ ಮಾತ್ರ, ಲೆಕ್ಕ ಹಾಕುವಾಗ ಮರೆಯಬೇಡಿ. ಎಣ್ಣೆ, ಕಾಯಿಚಟ್ನಿ, ವಡೆ ಅಂದು ಬೇಡ. ಕೊಬ್ಬು ಹೊಟ್ಟೆಯಲ್ಲಿ ನಿಂತುಬಿಡುತ್ತದೆ.

ಓಡುವಾಗ: ಒಂದು ಗಂಟೆಯ ಒಳಗಾದರೆ ನೀರು ಸಾಕು. ಮೇಲ್ಪಟ್ಟರೆ ಗಂಟೆಗೆ 30–60 ಗ್ರಾಂ, ಎರಡೂವರೆ ಗಂಟೆ ಮೀರಿದರೆ 90 ಗ್ರಾಂವರೆಗೆ. ಆದರೆ 90 ಗ್ರಾಂ ಕರುಳು ಹೀರಬೇಕಾದರೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಬೆರೆತಿರಬೇಕು, ತಿಂಗಳುಗಟ್ಟಲೆ ಅಭ್ಯಾಸವೂ ಆಗಿರಬೇಕು. ಕುಡಿಯುವ ವಸ್ತುಗಳಲ್ಲಿ ಆಯ್ಕೆ ಮೂರು. ಡಬ್ಲ್ಯೂಎಚ್‌ಒ ಸೂತ್ರದ ಓಆರ್‌ಎಸ್ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುವಂಥದ್ದು. ಬೆವರಿನ ನಷ್ಟಕ್ಕೆ ಒಳ್ಳೆಯದು, ಶಕ್ತಿಗೆ ಸಾಲದು. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಬೆವರಲ್ಲಿ ಹೆಚ್ಚಾಗಿ ಹೋಗುವ ಸೋಡಿಯಂ ಕಡಿಮೆ. ಮನೆಯಲ್ಲೇ ಮಾಡುವುದಾದರೆ ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣು. ಸಕ್ಕರೆ 80 ಗ್ರಾಂ ಮೀರಿದರೆ ಹೊಟ್ಟೆ ತೊಳಸುತ್ತದೆ. ಜೆಲ್ (ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಹಗುರ, ದುಬಾರಿ. ಅದನ್ನು ನೀರಿಲ್ಲದೆ ನುಂಗಿದರೂ ಅದೇ ತೊಂದರೆ.

ಶುಗರ್ ಇದ್ದೂ ಓಡುವವರಿಗೆ

ಇದು ಆಗದ ಕೆಲಸವೇನಲ್ಲ. 1997ರಲ್ಲಿ ಶುಗರ್ ಪತ್ತೆಯಾದ ಬ್ರಿಟನ್ನಿನ ರೋಯಿಂಗ್ (ದೋಣಿ ಸ್ಪರ್ಧೆ) ಪಟು ಸ್ಟೀವ್ ರೆಡ್‌ಗ್ರೇವ್ 2000ದ ಸಿಡ್ನಿಯಲ್ಲಿ ಐದನೇ ಒಲಿಂಪಿಕ್ ಚಿನ್ನ ಗೆದ್ದರು. ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಾಗದ ಬಗೆ) ಇರುವ ಈಜುಗಾರ ಗ್ಯಾರಿ ಹಾಲ್ ಜೂನಿಯರ್ 50 ಮೀಟರ್‌ನಲ್ಲಿ 2000 ಮತ್ತು 2004ರಲ್ಲಿ ಚಿನ್ನ ಪಡೆದರು. ವಾಸಿಂ ಅಕ್ರಂ ಶುಗರ್ ಬಂದ ಮೇಲೂ ವರ್ಷಗಟ್ಟಲೆ ವೇಗದ ಬೌಲಿಂಗ್ ಮಾಡಿದರು.

ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಸಾಲಿನವರು ಶೂ ಕಟ್ಟುವ ಮೊದಲು ಪರೀಕ್ಷಿಸಲೇಬೇಕು. 70ಕ್ಕಿಂತ ಕಡಿಮೆ ಇದ್ದರೆ ಅಂದಿನ ಓಟ ಇಲ್ಲ, ಮೊದಲು ಚಿಕಿತ್ಸೆ. 70–90 ಇದ್ದರೆ 15–30 ಗ್ರಾಂ ಕಾರ್ಬ್ ತಿಂದು, ಕಾದು, ಮತ್ತೆ ನೋಡಿ. 90–125 ಇದ್ದರೆ ಒಂದು ಏಲಕ್ಕಿ ಬಾಳೆ ತಿಂದು ಹೊರಡಿ. 126–180 ಓಡಲು ಹಿತವಾದ ಮಟ್ಟ. 180–250 ಇದ್ದರೆ ಏನೂ ತಿನ್ನದೆ ಹೊರಡಬಹುದು. 250 ಮೀರಿದ್ದು ನೀವು ಇನ್ಸುಲಿನ್ ಮೇಲಿದ್ದರೆ ಕೀಟೋನ್ (ದೇಹ ಕೊಬ್ಬನ್ನು ಉರಿಸಿದಾಗ ಹುಟ್ಟುವ ಆಮ್ಲೀಯ ವಸ್ತು) ಪರೀಕ್ಷೆ ಮಾಡಿ. ಕೀಟೋನ್ ಇದ್ದರೆ ವ್ಯಾಯಾಮ ಸಕ್ಕರೆಯನ್ನು ಇಳಿಸುವ ಬದಲು ಏರಿಸುತ್ತದೆ, ರಕ್ತ ಆಮ್ಲೀಯವಾಗುವ ಅಪಾಯವೂ ಇದೆ. ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರಿಗೆ ಒಂದು ಎಚ್ಚರ: ಓಡುವಾಗ ಅದು ರಕ್ತದ ಮಟ್ಟಕ್ಕಿಂತ ಸುಮಾರು 5–15 ನಿಮಿಷ ಹಿಂದಿರುತ್ತದೆ. 95 ಎಂದು ತೋರಿಸಿ ಬಾಣ ಕೆಳಗಿದ್ದರೆ ನಿಜವಾಗಿ 75 ಆಗಿರಬಹುದು.

ಲೋ ಆದಾಗ 15 ಗ್ರಾಂ ಬೇಗ ಕರಗುವ ಸಕ್ಕರೆ, 15 ನಿಮಿಷ ಕಾಯುವುದು, ಮತ್ತೆ ಪರೀಕ್ಷೆ. ಸಮತಟ್ಟಾಗಿ ತುಂಬಿದ ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದರೆ ಅಷ್ಟಾಗುತ್ತದೆ. ಚಾಕೊಲೇಟ್, ಬಿಸ್ಕತ್, ಹೋಳಿಗೆ ಬೇಡ, ಕೊಬ್ಬು ಸಕ್ಕರೆಯನ್ನು ತಡೆಹಿಡಿಯುತ್ತದೆ. ಹಲವರು ತಪ್ಪುವ ಜಾಗ ಇನ್ನೊಂದಿದೆ. ನಿಮ್ಮ ಮಾತ್ರೆಯಲ್ಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ದರೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಆ ಔಷಧದ ಕೆಲಸವೇ ಸಕ್ಕರೆ ಒಡೆಯುವುದನ್ನು ನಿಧಾನ ಮಾಡುವುದು. ಇವರ ಕಿಸೆಯಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಗ್ಲೂಕೋಸ್ ಪುಡಿಯೋ ಮಾತ್ರೆಯೋ ಇರಬೇಕು. ಬಿಪಿಗೆಂದು ಬೀಟಾ ಬ್ಲಾಕರ್ ನುಂಗುವವರಿಗೆ ಲೋ ಆದಾಗ ಕೈನಡುಕ, ಎದೆಬಡಿತ ತಿಳಿಯದೆ ಹೋಗಬಹುದು. ಬೆವರು ಮಾತ್ರ ಬರುತ್ತದೆ, ಓಡುವವರಿಗೆ ಅದು ಹೇಗೂ ಬರುತ್ತಲೇ ಇರುತ್ತದೆ. ಆದ್ದರಿಂದ ಯಂತ್ರವನ್ನೇ ನಂಬಬೇಕು.

ಅಪಾಯ ಓಟದ ಜೊತೆಗೇ ಮುಗಿಯುವುದಿಲ್ಲ. ಸ್ನಾಯುಗಳು ಖಾಲಿಯಾದ ದಾಸ್ತಾನು ತುಂಬಿಕೊಳ್ಳಲು ಗಂಟೆಗಟ್ಟಲೆ ರಕ್ತದಿಂದ ಸಕ್ಕರೆ ಎಳೆಯುತ್ತವೆ. ಸಂಜೆ ಓಡಿದವರಿಗೆ ರಾತ್ರಿ ಎರಡು–ಮೂರು ಗಂಟೆಗೆ ಲೋ ಆಗುವುದು ಇದರಿಂದ. ಇನ್ಸುಲಿನ್ ಮೇಲಿದ್ದರೆ ದೀರ್ಘ ಓಟವನ್ನು ಬೆಳಗ್ಗೆಗೆ ಇಟ್ಟುಕೊಳ್ಳುವುದು ವಾಸಿ. ಸಂಜೆಯೇ ಆಗಬೇಕೆಂದರೆ ಮಲಗುವ ಮುನ್ನ ಪರೀಕ್ಷಿಸಿ, ಕಡಿಮೆ ಇದ್ದರೆ ಒಂದು ಲೋಟ ಹಾಲು, ಒಂದು ಚಪಾತಿ. ಓಡುವ ದಿನ ತೊಡೆಗೆ ಇನ್ಸುಲಿನ್ ಚುಚ್ಚಬೇಡಿ, ಓಡುವ ಕಾಲು ಅದನ್ನು ಬೇಗ ಹೀರುತ್ತದೆ. ಹೊಟ್ಟೆಯ ಭಾಗ ಸರಿ. ನೂರು ಮೀಟರ್ ಸ್ಪ್ರಿಂಟ್, ಭಾರ ಎತ್ತುವುದು, ಪಂದ್ಯದ ಆತಂಕ ಇವು ಅಡ್ರಿನಲಿನ್‌ನಿಂದ ಶುಗರನ್ನು ಏರಿಸಬಹುದು. ಅದನ್ನು ಕಂಡು ಗಾಬರಿಯಾಗಿ ಪೂರ್ತಿ ಡೋಸ್ ಹಾಕಿಕೊಂಡರೆ ಎರಡು ಗಂಟೆಯ ನಂತರ ಕುಸಿಯುತ್ತದೆ.

ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು, ಓಡುವ ಸಲುವಾಗಿಯೇ ಸಕ್ಕರೆ ತಿನ್ನಬೇಕಾಗುತ್ತಿದ್ದರೆ ಊಟ ಬದಲಿಸಬೇಡಿ, ವೈದ್ಯರ ಬಳಿ ಡೋಸ್ ಇಳಿಸುವ ಮಾತಾಡಿ. ಇಲ್ಲದಿದ್ದರೆ ನೀವು ಊಟ ಹಾಕುತ್ತಿರುವುದು ಮಾತ್ರೆಗೆ. ತೂಕವೂ ಇಳಿಯುವುದಿಲ್ಲ.

ಪಥ್ಯದ ಪದ್ಧತಿಗಳಲ್ಲಿ ಯಾವುದು ಯಾರಿಗೆ

ತಟ್ಟೆ ಪದ್ಧತಿ: ಒಂಬತ್ತು ಇಂಚಿನ ತಟ್ಟೆಯ ಅರ್ಧ ತರಕಾರಿ, ಕಾಲು ಕಾಳು–ಮೊಟ್ಟೆ–ಮೀನು, ಕಾಲು ಅನ್ನ ಅಥವಾ ಮುದ್ದೆ. ಮೆಟ್‌ಫಾರ್ಮಿನ್ ಸಾಲಿನವರಿಗೆ ಇದೇ ಸಾಕು. ನಮ್ಮ ಸ್ಟೀಲ್ ಊಟದ ತಟ್ಟೆ ಹನ್ನೊಂದು–ಹನ್ನೆರಡು ಇಂಚು ಇರುತ್ತದೆ, ತಿಂಡಿ ತಟ್ಟೆ ಬಳಸಿ. ಆಲೂಗಡ್ಡೆ ಪಲ್ಯ ತರಕಾರಿಯ ಅರ್ಧಕ್ಕೆ ಸೇರುವುದಿಲ್ಲ.

ಕಾರ್ಬ್ ಎಣಿಕೆ: ಊಟದ ಹೊತ್ತಿಗೆ ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ದೀರ್ಘ ಓಟದವರಿಗೆ ಇದನ್ನು ಬಿಟ್ಟರೆ ಗತಿಯಿಲ್ಲ. ಮೊದಲ ಎರಡು ವಾರ ತೂಗಬೇಕು. ಆಮೇಲೆ ಕಣ್ಣಿಗೆ ಅಂದಾಜು ಕೂರುತ್ತದೆ.

ಲೋ ಕಾರ್ಬ್, ಕೀಟೋ: ಕಾರ್ಬ್ ದಿನಕ್ಕೆ 130 ಗ್ರಾಂ ಒಳಗೆ ಬಂದರೆ ಲೋ ಕಾರ್ಬ್, ಬಹುತೇಕ ಬಿಟ್ಟು ಕೊಬ್ಬಿನ ಮೇಲೆ ನಿಂತರೆ ಕೀಟೋ. ಟೈಪ್ 2ರಲ್ಲಿ (ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಬಗೆ) ಶುಗರ್ ಇಳಿಯುವುದು ನಿಜ, ಆದರೆ ಮಾತ್ರೆಯ ಡೋಸನ್ನು ಮೊದಲೇ ಸರಿಪಡಿಸಿಕೊಂಡಿರಬೇಕು. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೇಲಿರುವವರಿಗೆ ಕೀಟೋ ಬೇಡವೇ ಬೇಡ. ಶುಗರ್ ಅಷ್ಟೇನೂ ಏರದೆಯೇ ಕೀಟೋ ಆಸಿಡೋಸಿಸ್ (ಕೀಟೋನ್ ತುಂಬಿ ರಕ್ತ ಆಮ್ಲೀಯವಾಗುವುದು) ಆಗಬಹುದು, ಯಂತ್ರದಲ್ಲಿ 180 ಕಂಡು ಮನೆಯವರೂ ಸುಮ್ಮನಿರುತ್ತಾರೆ. ವಾಂತಿ, ಹೊಟ್ಟೆನೋವು, ಏದುಸಿರು ಬಂದರೆ ನೇರ ಆಸ್ಪತ್ರೆಗೆ. ವೇಗದ ಓಟಗಾರರಿಗೂ ಕೀಟೋ ನಷ್ಟದ ಬಾಬತ್ತು, ಏಕೆಂದರೆ ಕೊಬ್ಬಿನಿಂದ ಅಷ್ಟೇ ಶಕ್ತಿ ತೆಗೆಯಲು ಹೆಚ್ಚು ಆಮ್ಲಜನಕ ಬೇಕು.

16 ಗಂಟೆ ಉಪವಾಸ: ಮೆಟ್‌ಫಾರ್ಮಿನ್ ಸಾಲಿನ, ತೂಕ ಹೆಚ್ಚಿರುವವರಿಗೆ ಹೊಂದಬಹುದು, ಒಟ್ಟು ತಿನ್ನುವುದು ಕಡಿಮೆಯಾದರೆ ಮಾತ್ರ. ಇನ್ಸುಲಿನ್, ಗ್ಲಿಮಿಪಿರೈಡ್ ಮೇಲಿರುವವರು ಏಕಾದಶಿಗೋ ರಂಜಾನ್‌ಗೋ ಮೊದಲೇ ವೈದ್ಯರನ್ನು ಕಂಡು ಡೋಸ್ ಹೊಂದಿಸಿಕೊಳ್ಳಬೇಕು. ಉಪವಾಸದ ಸಬ್ಬಕ್ಕಿ ಬಹುತೇಕ ಶುದ್ಧ ಪಿಷ್ಟ, ಅದು ಉಪವಾಸವೇ ಅಲ್ಲ. ಬೆಳೆಯುವ ವಯಸ್ಸಿನ ಕ್ರೀಡಾಪಟುಗಳಿಗೆ ಈ ಪದ್ಧತಿ ಬೇಡ. ಹುಡುಗಿಯರಲ್ಲಿ ಮುಟ್ಟು ಮೂರು ತಿಂಗಳು ನಿಂತರೆ, ಮೂಳೆ ಪದೇಪದೇ ಬಿರುಕು ಬಿಟ್ಟರೆ, ಅದು ತರಬೇತಿಯ ಶಿಸ್ತಲ್ಲ, ದೇಹಕ್ಕೆ ಶಕ್ತಿ ಸಾಲುತ್ತಿಲ್ಲ.

ಅತಿ ಕಡಿಮೆ ಕ್ಯಾಲೊರಿ: 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಡೈರೆಕ್ಟ್ ಅಧ್ಯಯನದಲ್ಲಿ ಶುಗರ್ ಬಂದು ಆರು ವರ್ಷದೊಳಗಿನ, ಇನ್ಸುಲಿನ್ ಇಲ್ಲದವರಿಗೆ ಮೂರರಿಂದ ಐದು ತಿಂಗಳು ದಿನಕ್ಕೆ 825–853 ಕ್ಯಾಲೊರಿಯ ದ್ರವಾಹಾರ ಕೊಟ್ಟರು. ವರ್ಷದ ಕೊನೆಗೆ 46% ಜನ ಮಾತ್ರೆಯಿಲ್ಲದೆ ಶುಗರ್ ಮಿತಿಯಲ್ಲಿದ್ದರು. ಅವರ ಮಾತ್ರೆಗಳನ್ನು ಮೊದಲ ದಿನವೇ ವೈದ್ಯರು ನಿಲ್ಲಿಸಿದ್ದರು ಎಂಬುದನ್ನು ಮರೆತು ಮನೆಯಲ್ಲಿ ಗಂಜಿ ಕುಡಿದು ಇದನ್ನು ಮಾಡಬೇಡಿ. ಓಟದ ತರಬೇತಿ ನಡೆಯುತ್ತಿರುವಾಗ ಇದು ಸಾಧ್ಯವೂ ಇಲ್ಲ.

ಕೊಳ್ಳುವ ಮುನ್ನ

ಬೆಲ್ಲ, ಜೇನು ಸಕ್ಕರೆಗಿಂತ ಸೌಮ್ಯ ಎಂದು ಶುಗರ್ ಇರುವವರಿಗೆ ಮಾರುತ್ತಾರೆ. ರಕ್ತದಲ್ಲಿ ಮೂರೂ ಹೆಚ್ಚುಕಡಿಮೆ ಒಂದೇ. "ಶುಗರ್ ಫ್ರೀ" ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲ, ಮೈದಾ ಇದೆ. ಹಿಂಬದಿಯ ಪಟ್ಟಿಯಲ್ಲಿ "ಟೋಟಲ್ ಕಾರ್ಬೋಹೈಡ್ರೇಟ್" ಸಾಲನ್ನೇ ಓದಿ. ಪ್ರೋಟೀನ್ ಪುಡಿ ಕೊಳ್ಳುವ ಶುಗರ್ ಇರುವವರು ಮೊದಲು ಕ್ರಿಯಾಟಿನಿನ್ ಮತ್ತು ಮೂತ್ರದ ಅಲ್ಬುಮಿನ್ ಪರೀಕ್ಷೆ ಮಾಡಿಸಿ. ಮೂತ್ರಪಿಂಡಕ್ಕೆ ತೊಂದರೆಯಾಗಿದ್ದು ಡಯಾಲಿಸಿಸ್ ಇಲ್ಲದವರಿಗೆ ಪ್ರೋಟೀನ್ ಕಿಲೋಗೆ 0.8 ಗ್ರಾಂನ ಸುತ್ತ ನಿಲ್ಲಬೇಕು, ಎಳನೀರಿನ ಪೊಟ್ಯಾಸಿಯಂ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಅಧಿಕೃತ ಸ್ಪರ್ಧೆಗಳಲ್ಲಿ ಆಡುವವರು ಔಷಧದ ಪಟ್ಟಿಯನ್ನೂ ನೋಡಿಕೊಳ್ಳಬೇಕು. ಇನ್ಸುಲಿನ್ ವಾಡಾದ (ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ) ನಿಷೇಧಿತ ಪಟ್ಟಿಯಲ್ಲಿದೆ. ವೈದ್ಯಕೀಯ ಕಾರಣಕ್ಕೆ ಬಳಸಲು ಟಿಯುಇ ಎಂಬ ವಿನಾಯಿತಿ ಪಡೆಯಬೇಕು, ರಾಷ್ಟ್ರಮಟ್ಟದವರು ನಾಡಾಗೆ (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಅರ್ಜಿ ಹಾಕುತ್ತಾರೆ. ಮೆಟ್‌ಫಾರ್ಮಿನ್‌ಗೆ ನಿಷೇಧವಿಲ್ಲ. ಶುಗರ್ ಜೊತೆ ಬಿಪಿಯೂ ಇರುವವರ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಜೈಡ್ ಸೇರಿರುವುದುಂಟು. ಅದು ಮೂತ್ರವರ್ಧಕವಾದ್ದರಿಂದ ನಿಷೇಧಿತ. ಬೀಟಾ ಬ್ಲಾಕರ್ ಬಿಲ್ಲುಗಾರಿಕೆ, ಶೂಟಿಂಗ್‌ನಂಥ ಆಟಗಳಲ್ಲಿ ನಿಷೇಧಿತ. ಸ್ಪರ್ಧೆಗೆ ಹೆಸರು ಕೊಡುವ ಮೊದಲೇ ಬದಲಿ ಮಾತ್ರೆ ಬರೆಸಿಕೊಳ್ಳಿ. ಡೋಸ್ ಹೊಂದಲು ಕೆಲವು ವಾರ ಹಿಡಿಯುತ್ತದೆ, ಆ ವಾರಗಳಲ್ಲಿ ಶುಗರ್ ಮತ್ತು ಬಿಪಿ ಎರಡನ್ನೂ ಬರೆದಿಡಿ.